ಗಚ್ಚಿಬೌಲಿ: ಗಗನಚುಂಬಿ ಕಟ್ಟಡಗಳ ನಡುವೆ ಊರಿನ ಹಿರಿಯರೊಂದಿಗೆ ಒಂದು ದಿನ

ಹೈದರಾಬಾದ್: ಬೀದರ್, ಕಲಬುರಗಿ ಕಡೆಯಿಂದ ಬರುವವರು ಹಿಂದೆ ನಾಂಪಲ್ಲಿ ಅಥವಾ ಸಿಕಂದರಾಬಾದಿನವರೆಗೂ ರೈಲಿನಲ್ಲಿ ಕೂತಿರುತ್ತಿದ್ದರು. ಈಗ ಅನೇಕ ತಂದೆ-ತಾಯಂದಿರು ಲಿಂಗಂಪಲ್ಲಿಯಲ್ಲೇ ಗಂಟು-ಮೂಟೆ ಇಳಿಸುತ್ತಾರೆ. ಮಕ್ಕಳ ಕೆಲಸ ಅಲ್ಲಿಗೆ ಸಮೀಪದ ಗಚ್ಚಿಬೌಲಿಯಲ್ಲಿ. ಹೀಗೆ ಬಂದವರಲ್ಲಿ ಬೀದರ್ ಜಿಲ್ಲೆಯ ನಿವೃತ್ತ ಶಿಕ್ಷಕರೊಬ್ಬರು ಮತ್ತು ಅವರ ಪತ್ನಿಯೂ ಇದ್ದರು. ಮಗ ದುಡಿಯುವ ಕಟ್ಟಡವನ್ನು ಕಣ್ಣಾರೆ ನೋಡಬೇಕೆಂಬುದು ಆ ತಾಯಿಯ ಬಹುದಿನದ ಆಸೆ.

ಮಗ ಒಂದು ದಿನ ರಜೆ ಹಾಕಿ ಕರೆದೊಯ್ದರು. ಆದರೆ ಗುರುತಿನ ಚೀಟಿ ಇಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ಗೇಟಿನ ಹೊರಗೆ ನಿಂತು ತಾಯಿ ಕೇಳಿದ್ದು ಒಂದೇ ಮಾತು: "ಇಷ್ಟು ಕಿಡಕಿ ಅದಾವ, ಇದ್ರಾಗ ನಿಂದ್ಯಾವುದಪಾ?" ಮಗ ಬೆರಳು ಮಾಡಿ ತೋರಿಸಿದರು. ತಾಯಿ ಕೆಳಗಿನಿಂದ ಎಣಿಸುತ್ತಾ ಹೋಗಿ ನಡುವೆಯೇ ಲೆಕ್ಕ ತಪ್ಪಿದರು.

ಹತ್ತರಿಂದ ಐವತ್ತೇಳಕ್ಕೆ

ಲೆಕ್ಕ ತಪ್ಪುವುದು ಸಹಜವೇ. ಪಕ್ಕದ ಮಾದಾಪುರದಲ್ಲಿ ಹತ್ತು ಅಂತಸ್ತಿನ ದುಂಡನೆಯ ಸೈಬರ್ ಟವರ್ಸ್ ಕಟ್ಟಡವನ್ನು 1998ರ ನವೆಂಬರ್ 22ರಂದು ಅಂದಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಉದ್ಘಾಟಿಸಿದಾಗ ಜನ ಅದನ್ನೇ ಬೆರಗಿನಿಂದ ನೋಡಿದ್ದರು. 2019ರಲ್ಲಿ ನಾನಕ್‌ರಾಮ್‌ಗುಡದಲ್ಲಿ ಹದಿನೈದು ಸಾವಿರ ಮಂದಿ ಕೆಲಸ ಮಾಡಬಲ್ಲ ಅಮೆಜಾನ್ ಕಚೇರಿ ತೆರೆಯಿತು. ಕೋಕಾಪೇಟೆಯಲ್ಲಿ ವಸತಿ ಗೋಪುರ 57 ಅಂತಸ್ತಿಗೆ ಮುಟ್ಟಿದೆ. ಇವುಗಳಿಗೆ ಗಾರೆ ಕಲಸಿದವರಲ್ಲಿ, ಸೆಂಟ್ರಿಂಗ್ ಕಟ್ಟಿದವರಲ್ಲಿ ಕಲ್ಯಾಣ ಕರ್ನಾಟಕದಿಂದ ಗುಳೆ ಬಂದವರೂ ಇದ್ದಾರೆಂಬುದನ್ನು ಮರೆಯುವಂತಿಲ್ಲ.

2002ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕಟ್ಟಿದ ಬಾಲಯೋಗಿ ಕ್ರೀಡಾಂಗಣವೂ ಗಚ್ಚಿಬೌಲಿಯಲ್ಲೇ ಇದೆ. ಅದರ ಆವರಣದ ಕ್ರೀಡಾಪಟುಗಳ ವಸತಿ ಗೋಪುರವನ್ನು 2020ರಲ್ಲಿ ಕೊರೊನಾ ಆಸ್ಪತ್ರೆಯನ್ನಾಗಿ ಮಾರ್ಪಡಿಸಲಾಗಿತ್ತು. ಸ್ವಲ್ಪ ಮುಂದೆ 1974ರಲ್ಲಿ ಸ್ಥಾಪನೆಯಾದ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯ. ಅಲ್ಲಿನ ಬಂಡೆಗಳನ್ನು ಕಂಡರೆ ರಾಯಚೂರಿನವರಿಗೆ ತಮ್ಮೂರಿನ ಗುಡ್ಡವೇ ನೆನಪಾದೀತು. ವಿಶ್ವವಿದ್ಯಾಲಯಕ್ಕೆ ಹೊಂದಿಕೊಂಡ ಕಂಚ ಗಚ್ಚಿಬೌಲಿಯ 400 ಎಕರೆಯಲ್ಲಿ ಮರ ಕಡಿಯುವುದನ್ನು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತಡೆದದ್ದು ದೇಶಕ್ಕೆಲ್ಲ ಸುದ್ದಿಯಾಯಿತು.

ಗೋಲ್ಕೊಂಡದಲ್ಲಿ ಬೀದರಿನ ನಂಟು

ಗಾಜಿನ ಕಟ್ಟಡ ಹೊರಗೇ ನಿಲ್ಲಿಸಿತೆಂದು ಬೇಸರಪಡಬೇಕಿಲ್ಲ. ಕೆಲವೇ ಕಿಲೋಮೀಟರ್ ದೂರದ ಗೋಲ್ಕೊಂಡ ಕೋಟೆಗೆ ಯಾರು ಬೇಕಾದರೂ ಟಿಕೆಟ್ ಪಡೆದು ಹೋಗಬಹುದು. ಕುತುಬ್‌ಶಾಹಿ ವಂಶದ ಮೂಲಪುರುಷ ಸುಲ್ತಾನ್ ಕುಲಿ ಮೊದಲು ಬೀದರಿನ ಬಹಮನಿ ಅರಸರ ಸೇವೆಯಲ್ಲಿದ್ದವನು. ಅವರ ಪರವಾಗಿ ತೆಲಂಗಾಣವನ್ನು ಆಳುತ್ತಿದ್ದು, 1518ರಲ್ಲಿ ಸ್ವತಂತ್ರನಾದನೆಂದು ಇತಿಹಾಸ ಹೇಳುತ್ತದೆ. ಮೇಷ್ಟ್ರು ಇದನ್ನು ಆರು ವರ್ಷದ ಮೊಮ್ಮಗನಿಗೆ ಹೇಳಹೊರಟರು. ಮನೆಯಲ್ಲಿ ಇಂಗ್ಲಿಷ್, ಹೊರಗೆ ಹಿಂದಿ-ತೆಲುಗು ಆಡುವ ಹುಡುಗನಿಗೆ ಅಜ್ಜನ ಕನ್ನಡ ಅರ್ಧವಷ್ಟೇ ತಿಳಿಯಿತು. ಉಳಿದದ್ದನ್ನು ಮಗನೇ ನಡುವೆ ನಿಂತು ಇಂಗ್ಲಿಷಿನಲ್ಲಿ ತಿಳಿಸಬೇಕಾಯಿತು. ಅಜ್ಜಿ ಸುಮ್ಮನಾದರು.

ಕೋಟೆಯಿಂದ ಕುತುಬ್‌ಶಾಹಿ ಸಮಾಧಿಗಳ ಉದ್ಯಾನ ಹತ್ತಿರ. ಮಳೆಗೆ ಕುಸಿದಿದ್ದ ಅಲ್ಲಿನ 'ಬಡಿ ಬೌಲಿ' ಎಂಬ ಮೆಟ್ಟಿಲು ಬಾವಿಯನ್ನು ಮತ್ತೆ ಕಟ್ಟಿ ನಿಲ್ಲಿಸಲಾಗಿದೆ. ಗೋಲ್ಕೊಂಡದ ಮೆಟ್ಟಿಲು ಬಾವಿಗಳ ಈ ಜೀರ್ಣೋದ್ಧಾರಕ್ಕೆ 2022ರಲ್ಲಿ ಯುನೆಸ್ಕೋದ ಪ್ರಶಸ್ತಿ ಬಂತು. ಬೌಲಿ ಎಂದರೆ ಬಾವಿ. ಗಚ್ಚು ಎಂದರೆ ಸುಣ್ಣದ ಗಾರೆ. "ನಮ್ಮ ಗಚ್ಚಿನ ಬಾವೀನೇ ಇಲ್ಲಿ ಗಚ್ಚಿಬೌಲಿ ನೋಡವಾ" ಎಂದು ಮೇಷ್ಟ್ರು ಪತ್ನಿಗೆ ಹೇಳಿದರು. ಪಕ್ಕದಲ್ಲಿದ್ದ ಹುಡುಗ "ಗಚ್ಚಿನ ಬಾವಿ, ಗಚ್ಚಿನ ಬಾವಿ" ಎನ್ನುತ್ತಾ ಮೆಟ್ಟಿಲಿನತ್ತ ಓಡಿದ. ಅಂದು ಅವನ ಬಾಯಿಂದ ಬಂದ ಮೊದಲ ಕನ್ನಡ ಮಾತು ಅದೇ.

ಕಾಚಿಗುಡ ದೂರವಿಲ್ಲ

1956ರ ನವೆಂಬರ್ 1ರವರೆಗೆ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ಓದಲು, ನೌಕರಿಗೆ ಬಂದ ಕನ್ನಡಿಗರು ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ವಿದ್ಯಾಸಂಸ್ಥೆಗಳನ್ನು ಬೆಳೆಸಿದರು. ಇಂದು ನಗರದ ಪಶ್ಚಿಮದಲ್ಲಿ ನೆಲೆಸಿರುವ ಹೊಸ ಪೀಳಿಗೆಯ ಅನೇಕರು ಆ ಕಡೆ ಒಮ್ಮೆಯೂ ಹೋಗಿಲ್ಲ. ಸಭೆಗಳಲ್ಲಿ ತಲೆ ನರೆತವರೇ ಹೆಚ್ಚು ಕಾಣುತ್ತಾರೆ.

ದೂರವೆಂಬ ನೆಪ ಈಗ ನಿಲ್ಲದು. 2019ರ ನವೆಂಬರಿನಿಂದ ರಾಯದುರ್ಗದವರೆಗೆ ಮೆಟ್ರೊ ಇದೆ. ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸಿ ಕೋಠಿಯ ಉಸ್ಮಾನಿಯಾ ಮೆಡಿಕಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಕಾಚಿಗುಡಕ್ಕೆ ಆಟೋ ಸಾಕು. ಹಳಬರು ಆ ಕಡೆಯಿಂದ ಬಂದು ಗಚ್ಚಿಬೌಲಿಯ ಮಕ್ಕಳಿಗೆ ವಾರಕ್ಕೊಂದು ಗಂಟೆ ಕನ್ನಡ ಹೇಳಿಕೊಟ್ಟರೂ ಆದೀತು. ಯಾರಾದರೊಬ್ಬರು ಮೊದಲು ಹೊರಡಬೇಕು, ಅಷ್ಟೇ.

ಮೇಷ್ಟ್ರು ದಂಪತಿ ಮರುದಿನವೇ ಊರಿಗೆ ಹೊರಟರು. ಲಿಂಗಂಪಲ್ಲಿಯಲ್ಲಿ ರೈಲು ಹತ್ತುವಾಗ ಅಜ್ಜಿ ಮೊಮ್ಮಗನಿಗೆ ಹೇಳಿದರು: "ಮುಂದಿನ ಸಲ ಬರತೀನಿ. ಅಷ್ಟರಾಗ ನಿಮ್ಮಪ್ಪನ ಕಿಡಕಿ ಎಷ್ಟನೇದು ಅಂತ ಕನ್ನಡದಾಗ ಎಣಿಸೋದು ಕಲ್ತಿರು." ಊರಿಂದ ಹಿರಿಯರು ಬಂದಾಗ ಕಟ್ಟಡ ತೋರಿಸಿದರಷ್ಟೇ ಸಾಲದು. ಅವರೊಡನೆ ನಮ್ಮ ಮಕ್ಕಳು ನೇರವಾಗಿ ಮಾತಾಡುವಂತಾಗಲಿ.