ಗುಳಿಗೆ ಬಿಟ್ಟರೆ ದೇವರು ಒಲಿಯುತ್ತಾನೆಯೇ?

“ದೇವರಿಗಿ ನಡ್ಕೊಲಾಕತ್ತೀವಿ, ಇನ್ನ್ ಗುಳಿಗಿ ಯಾಕ್ರಿ?” ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಮುಗಿದ ಮೇಲೂ ಬಸವಕಲ್ಯಾಣದಲ್ಲಿ ಶ್ರಾವಣ ಕಳೆದ ಮೇಲೂ ಈ ಮಾತು ಕೇಳಿ ಸಾಕಾಗಿದೆ. ಮನಸ್ಸಿನ ಕಾಯಿಲೆಗೆ ಗುಳಿಗೆ ನುಂಗಿದರೆ ಭಕ್ತಿ ಕಡಿಮೆಯಾಯಿತೆಂದು ಯಾರು ಹೇಳಿದರು? ಮದ್ದು ಕೊಡುವುದನ್ನೇ ಕಾಯಕ ಮಾಡಿಕೊಂಡಿದ್ದ ವೈದ್ಯ ಸಂಗಣ್ಣ ಹನ್ನೆರಡನೆಯ ಶತಮಾನದ ಶರಣರಲ್ಲೊಬ್ಬ. ಅಂಥ ಶರಣರ ನೆಲದಲ್ಲಿ ಈ ಮಾತು ಹುಟ್ಟಲೇಬಾರದಿತ್ತು.

ಓದಿದವರು ಇದಕ್ಕೆ ನಿಮ್ಹಾನ್ಸ್‌ನ ಅಧ್ಯಯನವನ್ನೇ ಸಾಕ್ಷಿ ತರುತ್ತಾರೆ. ಆರ್. ರಘುರಾಮ್ ಮತ್ತು ಸಂಗಡಿಗರು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ್ದು ಅದು. ತಮಿಳುನಾಡಿನ ಮುತ್ತುಸ್ವಾಮಿ ಗುಡಿಯಲ್ಲಿ ಉಳಿದುಕೊಂಡಿದ್ದ 31 ಮಂದಿಯನ್ನು ಅವರು ಪರೀಕ್ಷಿಸಿದರು. ಹೆಚ್ಚಿನವರಿಗೆ ಸ್ಕಿಜೋಫ್ರೇನಿಯಾ. ಗುಳಿಗೆಯಿಲ್ಲದೆಯೂ ರೋಗಲಕ್ಷಣದ ಅಂಕ ಸುಮಾರು ಶೇ 20ರಷ್ಟು ಇಳಿದಿತ್ತು. ನಿಜ, ಸಂತೋಷದ ವಿಷಯ. ಆದರೆ ಪೂರ್ತಿ ಓದಬೇಕಲ್ಲ! ಅಲ್ಲಿ ದೆವ್ವ ಬಿಡಿಸುವ ಯಾವ ವಿಶೇಷ ಆಚರಣೆಯೂ ಇರಲಿಲ್ಲ. ಜೊತೆಗೆ ಮನೆಯವರೊಬ್ಬರು, ಬೆಳಗಿನ ಸರಳ ಪೂಜೆ, ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಯಾರೂ ಹೆದರಿಸದ ವಾತಾವರಣ. ಮಾತ್ರವಲ್ಲ, ಅಳೆದದ್ದು ಬಂದಾಗ ಮತ್ತು ಹೊರಡುವಾಗ ಮಾತ್ರ. ಹೋಲಿಸಿ ನೋಡಲು ಇನ್ನೊಂದು ಗುಂಪೂ ಇರಲಿಲ್ಲ. ಗುಳಿಗೆ ನಿಲ್ಲಿಸಿ ಎಂದು ಆ ಲೇಖನ ಎಲ್ಲಿಯೂ ಹೇಳುವುದಿಲ್ಲ.

ನಿಲ್ಲಿಸಿದರೆ ಏನಾಗುತ್ತದೆಂಬುದು ಗೊತ್ತಿಲ್ಲದ್ದೇನಲ್ಲ. 65 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ ವರದಿ 2012ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಸ್ಕಿಜೋಫ್ರೇನಿಯಾ ಹತೋಟಿಗೆ ಬಂದವರಲ್ಲಿ ಔಷಧದ ಬದಲು ಹುಸಿ ಗುಳಿಗೆ ತೆಗೆದುಕೊಂಡ 100 ಮಂದಿಯಲ್ಲಿ ಸುಮಾರು 64 ಮಂದಿಗೆ ವರ್ಷದೊಳಗೆ ಕಾಯಿಲೆ ಮರುಕಳಿಸಿತು. ಔಷಧ ಮುಂದುವರಿಸಿದವರಲ್ಲಿ ಅದು 27.

ಉಳಿದ ನಂಬಿಕೆಗಳಿಗೆ ಹೆಚ್ಚು ಮಾತು ಬೇಡ. ಖಿನ್ನತೆಯ ಗುಳಿಗೆ ಚಟ ಹಿಡಿಸುವುದಿಲ್ಲ. ಚಟವಾಗಬಲ್ಲದ್ದು ಅಂಗಡಿಯಲ್ಲಿ ತಾವೇ ಕೇಳಿ ತರುವ ನಿದ್ದೆಗುಳಿಗೆ. “ಇವೆಲ್ಲ ಪರದೇಶದ್ದು” ಎನ್ನುವವರಿಗೆ, 1931ರಲ್ಲೇ ಸೇನ್ ಮತ್ತು ಬೋಸ್ ನಮ್ಮ ಸರ್ಪಗಂಧದ ಬೇರನ್ನು ಉನ್ಮಾದಕ್ಕೆ ಕೊಟ್ಟು ವರದಿ ಬರೆದಿದ್ದರು. ಭಾನಾಮತಿಯ ಮಾಟವೆಂದು ಜನ ಹೇಳುವ ತೊಂದರೆಯ ಹಿಂದೆ ಹಲವು ಸಲ ಮನಸ್ಸಿನ ಕಾಯಿಲೆಯೇ ಇರುತ್ತದೆ, ಅದನ್ನು ದಂಧೆ ಮಾಡಿಕೊಂಡವನು ಮಂತ್ರವಾದಿ. ತೊಗರಿ ಮಾರಲು ಹೋದಾಗ ತಕ್ಕಡಿಯನ್ನು ಎರಡು ಸಲ ನೋಡುವ ನಮ್ಮ ಜನ, ಮಗಳ ತಲೆಯ ಮೇಲೆ ಬೇವಿನ ಸೊಪ್ಪು ಬೀಸುವವನನ್ನು ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಮೊಬೈಲ್‌ನಲ್ಲಿ ಬಂದದ್ದೆಲ್ಲ ಸತ್ಯ, ದವಾಖಾನೆಯ ಚೀಟಿ ಮಾತ್ರ ಅನುಮಾನ! ಅನುಮಾನ ಇದ್ದವರು 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯವರು ಹಣ ಕೇಳದೆ ಮಾತಾಡುತ್ತಾರೆ, ಕನ್ನಡದಲ್ಲೇ.

ತಪ್ಪು ಜನರದ್ದಷ್ಟೇ ಅಲ್ಲ. ಭಕ್ತಿ ತಮಗೆ ಸಂಬಂಧಿಸಿದ್ದಲ್ಲ ಎಂದುಕೊಂಡ ವೈದ್ಯರೂ ಇದ್ದಾರೆ. ಮನಸ್ಸಿನ ಏರಿಳಿತದ ಕಾಯಿಲೆಗೆ ಕೊಡುವ ಲಿಥಿಯಂ ಗುಳಿಗೆ ತೆಗೆದುಕೊಳ್ಳುವವರು ಉಪ್ಪು ಬಿಟ್ಟು ವ್ರತ ಹಿಡಿದರೆ, ಬಿಸಿಲಲ್ಲಿ ನೀರಿಲ್ಲದೆ ರೋಜಾ ಇದ್ದರೆ, ಮೂತ್ರಪಿಂಡ ಲಿಥಿಯಂ ಅನ್ನು ಹೊರಹಾಕದೆ ಉಳಿಸಿಕೊಳ್ಳಬಹುದು. ರಕ್ತದಲ್ಲಿ ಅದು ಏರಿದಾಗ ಕೈ ನಡುಗುತ್ತದೆ, ವಾಂತಿಯಾಗುತ್ತದೆ, ಬುದ್ಧಿ ಮಂಕಾಗುತ್ತದೆ, ಜೀವಕ್ಕೂ ಅಪಾಯ. ಮನೆಯವರು ಅದನ್ನು ದೇವರ ಸಿಟ್ಟೆಂದುಕೊಂಡು ಇನ್ನೊಂದು ಉಪವಾಸ ಹೇರುತ್ತಾರೆ. ಬೀದರ ಜಿಲ್ಲೆಯಲ್ಲಿ ಚೀಟಿ ಬರೆಯುವ ವೈದ್ಯರು ವಯಸ್ಸು, ತೂಕ ಕೇಳಿದ ಹಾಗೆ ಯಾವ ವಾರ ಹಿಡಿಯುತ್ತೀರಿ, ಉಪ್ಪು ನೀರು ಬಿಡುತ್ತೀರಾ, ಎಂದೂ ಕೇಳಬೇಕು.