ಅಂಗೈ ಗಣಕದ ಲಿನಕ್ಸ್ ಯಾರ ಕೈಯಲ್ಲಿದೆ?

ಗದಗ ತಾಲ್ಲೂಕಿನ ಹಿರೇಹಂದಿಗೋಳದಂಥ ಊರಿನಲ್ಲಿ ಮುಂಗಾರಿಗೆ ಹೆಸರು ಬಿತ್ತಿದ ರೈತ 2020ರಿಂದೀಚೆಗೆ ತನ್ನ ಬೆಳೆಯ ವಿವರವನ್ನು ತಾನೇ ಸರ್ಕಾರಕ್ಕೆ ಸಲ್ಲಿಸಬಹುದು. ಹೊಲದಲ್ಲಿ ನಿಂತು ಬೆಳೆ ಸಮೀಕ್ಷೆಯ ಆ್ಯಪ್ ತೆರೆದು, ಸರ್ವೆ ನಂಬರ್ ಆರಿಸಿ, ಫೋಟೊ ತೆಗೆದು ಕಳಿಸಿದರಾಯಿತು. ಆ ಆಂಡ್ರಾಯ್ಡ್ ಫೋನಿನ ತಳದಲ್ಲಿ ದುಡಿಯುವುದು ಲಿನಕ್ಸ್ ಕರ್ನೆಲ್. ಬೆರಳು ಪರದೆಗೆ ತಾಗಿದ್ದನ್ನು ಗುರುತಿಸುವುದು, ಕ್ಯಾಮೆರಾವನ್ನು ಎಬ್ಬಿಸುವುದು, ಯಾವ ಆ್ಯಪ್‌ಗೆ ಎಷ್ಟು ಮೆಮೊರಿ ಎಂದು ಹಂಚುವುದು ಎಲ್ಲವೂ ಅದರದೇ ಹೊಣೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆಯಲು ತೊಡಗಿದ, ಯಾರು ಬೇಕಾದರೂ ಓದಿ ತಿದ್ದಬಹುದಾದ ತಂತ್ರಾಂಶ ಅದು. ಎಣಿಕೆಯಲ್ಲಿ ನೋಡಿದರೆ ಅಂಗೈ ಗಣಕಗಳ ಲೋಕವನ್ನು ಲಿನಕ್ಸ್ ಗೆದ್ದುಕೊಂಡಿದೆ. ಆದರೆ ತಿದ್ದುವ ಅವಕಾಶ ಫೋನು ಕೊಂಡವನ ತನಕ ಇಳಿದು ಬಂದಿಲ್ಲ. ಅದು ಬರುವ ತನಕ ಈ ಗೆಲುವು ಅರ್ಧದ್ದೇ ಎಂಬುದು ನನ್ನ ವಾದ. ಇದಕ್ಕೆ ಸಾಕ್ಷ್ಯ ಹುಡುಕಿಕೊಂಡು ದೂರ ಹೋಗಬೇಕಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮುಂತಾದವರು ಸೇರಿ ರೂಪಿಸಿದ ‘ಸಿಂಪ್ಯೂಟರ್’ ಎಂಬ ಅಂಗೈ ಗಣಕ 2001ರ ಏಪ್ರಿಲ್‌ನಲ್ಲಿ ಬೆಳಕಿಗೆ ಬಂತು. 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಚಿಪ್, 320 ಗುಣಿಸು 240 ಚುಕ್ಕೆಗಳ ಪರದೆ, ಒತ್ತಿ ಬರೆಯಲು ಒಂದು ಕಡ್ಡಿ, ಒಳಗೆ ಲಿನಕ್ಸ್. ಅದೇ ಚಿಪ್ಪನ್ನು ಕಾಂಪ್ಯಾಕ್ ಕಂಪನಿ ತನ್ನ ಐಪ್ಯಾಕ್ ಎಂಬ ಅಂಗೈ ಗಣಕದಲ್ಲಿ ಬಳಸಿ ಮೈಕ್ರೋಸಾಫ್ಟ್‌ನ ತಂತ್ರಾಂಶ ತುಂಬಿ ಮಾರುತ್ತಿತ್ತು. ಬೆಂಗಳೂರಿನ ತಂಡ ಲಿನಕ್ಸ್ ಆರಿಸಿಕೊಂಡದ್ದಕ್ಕೆ ಲೈಸೆನ್ಸ್ ಹಣದ ಉಳಿತಾಯ ಒಂದು ಕಾರಣ. ಕನ್ನಡವನ್ನು ಒಳಗೆ ಕೂರಿಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ಅನುಕೂಲ. ಓದು ಬಾರದವರಿಗಾಗಿ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶ ಈ ಯೋಜನೆಯಿಂದಲೇ ಹುಟ್ಟಿತು. ಸ್ಮಾರ್ಟ್ ಕಾರ್ಡಿನ ಸೀಳನ್ನೂ ಇಟ್ಟಿದ್ದರು: ಯಂತ್ರ ಊರಿಗೆ ಒಂದು, ಮಾಹಿತಿ ಅವರವರ ಕಾರ್ಡಿನಲ್ಲಿ. 1905ರಲ್ಲೇ ಕಣಗಿನಹಾಳದಲ್ಲಿ ಕೃಷಿ ಸಾಲದ ಸಹಕಾರ ಸಂಘ ಕಟ್ಟಿದ ಗದಗ ಸೀಮೆಗೆ ಈ ಹಂಚಿಕೆಯ ಲೆಕ್ಕ ಹೊಸದೇನಲ್ಲ. ಮೈಸೂರಿನ ಸಂಘಮಿತ್ರ ಸಂಸ್ಥೆ ಕಿರುಸಾಲದ ವ್ಯವಹಾರಕ್ಕೆ, ರಾಜ್ಯ ಸರ್ಕಾರ ಭೂದಾಖಲೆಯ ಕೆಲಸಕ್ಕೆ ಸಿಂಪ್ಯೂಟರನ್ನು ಬಳಸಿ ನೋಡಿದವು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ ಮಾದರಿಯಲ್ಲಿ ಯಂತ್ರವನ್ನು ಓರೆ ಮಾಡಿದರೆ ಗುರುತಿಸುವ ಚಲನ ಸಂವೇದಕವೂ ಇತ್ತು. ಐಫೋನ್ ಬಂದದ್ದು ಅದಾಗಿ ಮೂರು ವರ್ಷಕ್ಕೆ.

ಆದರೂ ಸಿಂಪ್ಯೂಟರ್ ಸೋತಿತಲ್ಲ, ಅಲ್ಲಿಗೆ ಮುಕ್ತ ತಂತ್ರಾಂಶದ ಮಾತೂ ಮುಗಿಯಿತಲ್ಲ ಎಂದು ಕೇಳುವವರಿದ್ದಾರೆ. ಮಾರಾಟವೇನೋ ಕೆಲವೇ ಸಾವಿರಕ್ಕೆ ನಿಂತದ್ದು ನಿಜ. ಹತ್ತು ಸಾವಿರ ರೂಪಾಯಿಯ ಆಸುಪಾಸಿನ ಬೆಲೆ ಅಂದಿನ ಹಳ್ಳಿಗೆ ಭಾರವಾಗಿತ್ತು, ಅಷ್ಟರಲ್ಲಿ ಅಗ್ಗದ ಮೊಬೈಲ್ ಫೋನ್ ಬಂದಿತ್ತು. ಸೋತದ್ದು ಬೆಲೆಯಲ್ಲಿ, ಮಾರುಕಟ್ಟೆಯಲ್ಲಿ. ಮುಂದೆ ನಡೆದದ್ದನ್ನು ನೋಡಿ. 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನ್ ಬಂತು. ಆಂಡ್ರಾಯ್ಡ್‌ನಲ್ಲೇ ಕನ್ನಡ ಅಕ್ಷರಗಳಿಗೆ ಬೆಂಬಲ ಸೇರಿದ್ದು 2012ರ 4.1ನೇ ಆವೃತ್ತಿಯಲ್ಲಿ. ನಡುವಿನ ನಾಲ್ಕು ವರ್ಷ, ತಯಾರಕರು ತಾವಾಗಿ ಸೇರಿಸಿಕೊಟ್ಟ ಫೋನುಗಳನ್ನು ಬಿಟ್ಟರೆ, ಕನ್ನಡದ ಜಾಗದಲ್ಲಿ ಕಂಡದ್ದು ಖಾಲಿ ಚೌಕಗಳು. ‘ಸ್ತ್ರೀ’ ಎಂಬ ಒಂದಕ್ಷರವನ್ನೇ ತೆಗೆದುಕೊಳ್ಳಿ. ಫೋನಿನೊಳಗೆ ಅದು ಸ, ವಿರಾಮ, ತ, ವಿರಾಮ, ರ, ಈಕಾರ ಎಂಬ ಆರು ಸಂಕೇತಗಳ ಸಾಲು. ಅದನ್ನು ಒತ್ತಕ್ಷರ ಕೆಳಗೆ ಕೂತ, ದೀರ್ಘ ಪಕ್ಕಕ್ಕೆ ಸರಿದ ಒಂದೇ ರೂಪವಾಗಿ ಜೋಡಿಸಲು ಬೇರೆಯದೇ ತಂತ್ರಾಂಶ ಬೇಕು. ಅಂಥ ಮುಕ್ತ ತಂತ್ರಾಂಶ ಆಗಲೂ ಇತ್ತು, ಮೇಜಿನ ಮೇಲಿನ ಲಿನಕ್ಸ್ ಗಣಕಗಳಲ್ಲಿ ಕನ್ನಡ ಓದಲು ಬರುತ್ತಿತ್ತು. ಜೇಬಿನ ಲಿನಕ್ಸ್‌ಗೆ ಅದನ್ನು ಸೇರಿಸುವ ಬಾಗಿಲು ಮಾತ್ರ ಮುಚ್ಚಿತ್ತು.

ಬಾಗಿಲು ಮುಚ್ಚಿರುವುದು ಎರಡು ಕಡೆ. ಫೋನು ಚಾಲೂ ಆದೊಡನೆ ಓಡುವ ಬೂಟ್‌ಲೋಡರ್ ಎಂಬ ಪುಟ್ಟ ತಂತ್ರಾಂಶ, ಬೀಗ ಹಾಕಿದ್ದರೆ ಕಂಪನಿಯ ಸಹಿ ಇಲ್ಲದ ಯಾವ ವ್ಯವಸ್ಥೆಯನ್ನೂ ಒಳಗೆ ಬಿಡದು. ಎರಡನೆಯದು ಡ್ರೈವರ್‌ಗಳು. ಕ್ಯಾಮೆರಾ, ರೇಡಿಯೊ, ಗ್ರಾಫಿಕ್ಸ್ ಚಿಪ್ಪುಗಳ ಜೊತೆ ಮಾತಾಡುವ ಈ ತಂತ್ರಾಂಶದ ಬಹುಪಾಲನ್ನು ಚಿಪ್ ತಯಾರಕರು ಗುಟ್ಟಾಗಿ ಇಡುತ್ತಾರೆ, ಹಳೆಯ ಕರ್ನೆಲ್ ಒಂದಕ್ಕೆ ಕಟ್ಟಿ ಬಿಟ್ಟುಬಿಡುತ್ತಾರೆ. ಕರ್ನೆಲ್ ಮುಂದೆ ಹೋದರೂ ಆ ಫೋನು ಅಲ್ಲೇ ಉಳಿಯುತ್ತದೆ. ಪರದೆ, ಬ್ಯಾಟರಿ ಗಟ್ಟಿ ಇದ್ದರೂ ‘ಈ ಆ್ಯಪ್ ನಿಮ್ಮ ಸಾಧನದಲ್ಲಿ ನಡೆಯದು’ ಎಂಬ ಸಂದೇಶ ಬರುವುದು ಹೀಗೆ. ಇದಕ್ಕೆ ಎದುರಾಗಿ 2017ರಲ್ಲಿ ಹುಟ್ಟಿದ ‘ಪೋಸ್ಟ್‌ಮಾರ್ಕೆಟ್‌ಓಎಸ್’ ಫೋನೊಂದು ಹತ್ತು ವರ್ಷ ಬಾಳಬೇಕೆಂಬ ಗುರಿ ಇಟ್ಟುಕೊಂಡಿದೆ. ಹಳೆಯ ಫೋನುಗಳಲ್ಲಿ ಇಂದಿನ ಲಿನಕ್ಸ್ ಓಡಿಸುವುದು ಅದರ ಕೆಲಸ.

ಇಂಥ ವ್ಯವಸ್ಥೆಗಳಲ್ಲಿ ಯುಪಿಐ, ಬ್ಯಾಂಕ್ ಆ್ಯಪ್‌ಗಳು ಸರಾಗವಾಗಿ ನಡೆಯುವುದಿಲ್ಲ, ಎಷ್ಟೋ ಫೋನುಗಳಲ್ಲಿ ಕ್ಯಾಮೆರಾ ಕೂಡ ಏಳುವುದಿಲ್ಲ. ಈ ಆಕ್ಷೇಪ ಗಟ್ಟಿಯಾದದ್ದೇ. ದಿನದ ವಹಿವಾಟಿಗೆ ಒಂದೇ ಫೋನ್ ನೆಚ್ಚಿದ ರೈತನಿಗೆ ಇವತ್ತೇ ಬದಲಿಸು ಎಂದು ನಾನು ಹೇಳಲಾರೆ. ಸಾಮಾನ್ಯ ಬಳಕೆದಾರ ಕೋಡ್ ಓದುವುದಿಲ್ಲ ಎಂಬ ಇನ್ನೊಂದು ಮಾತು ಅಷ್ಟು ಗಟ್ಟಿಯಲ್ಲ. ಅವನು ಓದಬೇಕಿಲ್ಲ. ಗದಗಿನ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬಳು ಓದಿ ತಿದ್ದಿದರೆ ಊರೆಲ್ಲ ಬಳಸಬಹುದು. ಅದಕ್ಕೆ ಅಡ್ಡ ಬರುವುದು ಬೀಗವೇ ಹೊರತು ಜನರ ಅಜ್ಞಾನವಲ್ಲ. ಶಾಲೆಗೆ, ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಗ್ರಾಮ ಆಡಳಿತಾಧಿಕಾರಿಗೆ ಕೊಡುವ ಟ್ಯಾಬ್ಲೆಟ್, ಫೋನುಗಳು ನಮ್ಮ ತೆರಿಗೆಯ ಹಣದವು. ಬೂಟ್‌ಲೋಡರಿನ ಬೀಗ ತೆರೆಯಲು ಬರಬೇಕು, ಡ್ರೈವರ್‌ಗಳು ಮೂಲ ಲಿನಕ್ಸ್‌ನಲ್ಲೇ ಇರಬೇಕು ಎಂಬ ಎರಡು ಷರತ್ತುಗಳನ್ನು ರಾಜ್ಯ ಸರ್ಕಾರ ಮುಂದಿನ ಟೆಂಡರಿನಲ್ಲೇ ಸೇರಿಸಲಿ.