ಬಸ್ಸಿಗೆ ವ್ಯಾಜ್ಯವಿಲ್ಲ

ಹತ್ತೂವರೆಗೆ ಬೀಗ ತೆಗೆದರೂ ಒಳಗೆ ಕಾಲಿಡಲು ಸ್ವಲ್ಪ ಹೊತ್ತು ಕಾಯಬೇಕು. ಬಾಗಿಲ ಎರಡೂ ರೆಕ್ಕೆ ತೆರೆದಿಟ್ಟು, ಫ್ಯಾನು ಹಾಕಿ, ಜವಾನ ಹೊರಗೆ ಬಂದು ನಿಲ್ಲುತ್ತಾನೆ. ರಾತ್ರಿಯೆಲ್ಲ ಮುಚ್ಚಿದ್ದ ಕೋಣೆಯಿಂದ ಮೊದಲು ಬರುವುದು ನುಸಿಗುಳಿಗೆಯ ಘಾಟು. ಅದು ಇಳಿದ ಮೇಲೆ ಹಳೇ ಹತ್ತಿಬಟ್ಟೆ, ಒಣಗಿದ ಮೈದಾ ಅಂಟು, ಮಳೆಗಾಲದಲ್ಲಿ ಗೋಡೆ ಕುಡಿದ ತೇವ, ಯಾವುದೋ ಮೂಲೆಯಲ್ಲಿ ಇಲಿ ಸಂಸಾರ ಹೂಡಿದ್ದರ ಸುಳಿವು. ಬನ್ನಿ, ಈಗ ಹೋಗಬಹುದು. ತಲೆ ಸ್ವಲ್ಪ ತಗ್ಗಿಸಿ, ಟ್ಯೂಬ್‌ಲೈಟಿನ ವೈರು ಇಳಿಬಿದ್ದಿದೆ.

ಇದು ಬೆಂಗಳೂರಿನ ಒಂದು ಸರ್ಕಾರಿ ಕಚೇರಿಯ ಅಭಿಲೇಖಾಲಯ. ನೆಲದಿಂದ ಸೂರಿನವರೆಗೆ ಕಬ್ಬಿಣದ ರ‍್ಯಾಕು, ರ‍್ಯಾಕಿನ ತುಂಬ ಬಟ್ಟೆಯ ಗಂಟು. ಒಂದು ಕಾಲಕ್ಕೆ ಎಲ್ಲವೂ ಕೆಂಪಾಗಿದ್ದವು. ಕಿಟಕಿಯ ಬಳಿಯವು ಬಿಸಿಲಿಗೆ ಗುಲಾಬಿಯಾಗಿವೆ, ಒಳಗಿನವು ಧೂಳಿಗೆ ಕಂದಾಗಿವೆ. ಪ್ರತಿ ಗಂಟಿನ ಕೊರಳಿಗೂ ಒಂದು ರಟ್ಟಿನ ಚೀಟಿ: ಕಸಬಾ ಹೋಬಳಿ, ವರ್ತೂರು ಹೋಬಳಿ, ಬೇಗೂರು ಹೋಬಳಿ, ಉತ್ತರಹಳ್ಳಿ ಹೋಬಳಿ. ಹೊರಗೆ ನಾವು ಲೇಔಟು, ಫ್ಲೈಓವರು, ಟೆಕ್ ಪಾರ್ಕು ಎಂದು ಗುರುತು ಹೇಳುವ ಊರನ್ನು ಈ ಕೋಣೆ ಇನ್ನೂ ಗ್ರಾಮ, ಸರ್ವೆ ನಂಬರು ಎಂದೇ ಕರೆಯುತ್ತದೆ. ಮೇಜಿನ ಮುಂದೆ ನಕಲು ಅರ್ಜಿ ಹಿಡಿದವರ ಸಾಲು. ಆಚೆ ಬದಿ ಕೂತ ರೆಕಾರ್ಡ್ ಕೀಪರ್ ಅರ್ಜಿಯನ್ನು ಪೂರ್ತಿ ಓದುವುದಿಲ್ಲ. ಗ್ರಾಮದ ಹೆಸರು, ನಂಬರು, ಅಷ್ಟೇ. ರಿಜಿಸ್ಟರು ಪಕ್ಕದಲ್ಲೇ ಇದೆ, ಅದನ್ನು ತೆರೆಯುವುದೂ ಇಲ್ಲ. "ಮೂರನೇ ರ‍್ಯಾಕು, ಮೇಲಿಂದ ಎರಡು, ಗೋಡೆ ಕಡೆ" ಎಂದು ಜವಾನನಿಗೆ ಹೇಳಿ ಮುಂದಿನವರ ಕಡೆ ಕೈ ಚಾಚುತ್ತಾರೆ. ಇವರು ನಿವೃತ್ತರಾದ ಮಾರನೇ ದಿನ ಈ ಸಾಲು ಎಷ್ಟು ಉದ್ದವಾದೀತು ಎಂದು ಸಾಲಿನಲ್ಲಿ ನಿಂತವರೇ ಮಾತಾಡಿಕೊಳ್ಳುತ್ತಾರೆ.

ಗಂಟು ಬಂತು. ಬಿಚ್ಚುವಾಗ ಎದ್ದ ಧೂಳಿಗೆ ಎಲ್ಲರೂ ಒಮ್ಮೆ ಸೀನಿದರು. ಒಳಗೆ ಬಟ್ಟೆಗೆ ಅಂಟಿಸಿದ ಗ್ರಾಮ ನಕ್ಷೆ; ಮಡಿಕೆಯ ಗೆರೆಗಳಲ್ಲಿ ಕಾಗದ ಸವೆದು ಬಟ್ಟೆಯ ನೇಯ್ಗೆ ಕಾಣುತ್ತಿದೆ. ಒಂದು ಮೈಲಿಗೆ ಎಂಟು ಇಂಚಿನ ಲೆಕ್ಕದಲ್ಲಿ ಬರೆದ ನಕ್ಷೆ ಇದು. ಹೊಲದ ಗಡಿಗೆ ಸಣ್ಣ ಗೆರೆ, ಬಂಡಿದಾರಿಗೆ ಜೋಡಿ ಚುಕ್ಕಿ ಗೆರೆ, ಬಾವಿ, ಗುಡಿ, ತೋಪು, ಮೂರು ಊರಿನ ಗಡಿ ಕೂಡುವಲ್ಲಿ ನೆಟ್ಟ ಕಲ್ಲಿನ ಗುರುತು. ಅದರ ಜೊತೆಗೆ ಇನ್ನೂ ಹಳೆಯ ಹಾಳೆಗಳು, ಮೂಲ ಟಿಪ್ಪಣಿ. 1860ರ ದಶಕದಲ್ಲಿ ಮೈಸೂರು ಸಂಸ್ಥಾನದ ಸರ್ವೆ ಶುರುವಾದಾಗ ಹೊಲದ ನಡುವೆ ನಿಂತು ಅಳೆದವರ ಕೈಬರಹದ ಪರಂಪರೆ ಇದು. ಅಳತೆಗೆ 33 ಅಡಿಯ ಸರಪಳಿ, ಸರಪಳಿಗೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಅದು ಒಂದು ಗುಂಟೆ. ಅಂಥ ನಲವತ್ತು ಸೇರಿದರೆ ಎಕರೆ. ದುಡ್ಡಿನ ಆಣೆ ಚಲಾವಣೆಯಿಂದ ಹೋಗಿ ಎಷ್ಟೋ ಕಾಲವಾಯಿತು, ನೆಲದ ಆಣೆ ಮಾತ್ರ ಈ ಹಾಳೆಗಳಲ್ಲಿ ಇನ್ನೂ ನಡೆಯುತ್ತಿದೆ. ಕನ್ನಡ ಅಂಕಿಗಳು ದುಂಡಗಿವೆ. ಒಂದು ಕಡೆ ೬ ಬರೆದು, ಹೊಡೆದು, ೭ ಮಾಡಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದ್ದಾರೆ. ಒಂದಂಕಿ ತಿದ್ದಿದ್ದಕ್ಕೂ ಆ ಪುಣ್ಯಾತ್ಮ ಜವಾಬು ಬರೆದಿಟ್ಟಿದ್ದಾನೆ.

ಸಾಲಿನಲ್ಲಿದ್ದ ವಕೀಲರ ಗುಮಾಸ್ತ ಬೆರಳಿಟ್ಟು ತೋರಿಸುತ್ತಾನೆ: ಇಗೋ, ಕೆರೆ ಕೋಡಿಯಿಂದ ಹೊರಟು ಕೆಳಗಿನ ಕೆರೆಗೆ ಹೋಗುವ ರಾಜಕಾಲುವೆ. ಪಹಣಿಯಲ್ಲಿ ಅದು ಬಿ ಖರಾಬು, ಅಂದರೆ ಸಾರ್ವಜನಿಕರದ್ದು, ಯಾರೂ ಮಾರುವಂತಿಲ್ಲ. ಈಗ ಅದರ ಮೇಲೆ ಏನಿದೆ ಎಂದು ಕೇಳಿದರೆ ಅವನು ನಗುತ್ತಾನೆ. 2016ರಲ್ಲಿ ಮಳೆನೀರು ಮನೆಗಳಿಗೆ ನುಗ್ಗಿ, ಪಾಲಿಕೆ ಬುಲ್ಡೋಜರು ಹೊರಡಿಸಿದಾಗ ಎಲ್ಲರೂ ಹುಡುಕಿದ್ದು ಇಂಥ ನಕ್ಷೆಗಳನ್ನೇ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದಾಗಲೂ ಇವುಗಳ ನಕಲಿಗೆ ನೂಕುನುಗ್ಗಲು. ನೀರು ತನ್ನ ದಾರಿ ಮರೆತಿರಲಿಲ್ಲ, ಮರೆತಿದ್ದವರು ನಾವು. ನಮಗೆ ನೆನಪಿಸಲು ಬಟ್ಟೆಗೆ ಅಂಟಿಸಿದ ಒಂದು ಹಾಳೆ ಬೇಕಾಯಿತು.

"ಜಮೀನಿಗೆ ವ್ಯಾಜ್ಯ ಇದೆಯಲ್ಲ ಸಾರ್, ಅದಕ್ಕೇ ಇವೆಲ್ಲ ಉಳಿದಿದೆ" ಎಂದರು ರೆಕಾರ್ಡ್ ಕೀಪರ್, ಗಂಟು ಕಟ್ಟುತ್ತ. "ದಿನಾ ಯಾರಾದ್ರೂ ಬಂದು ಕೇಳ್ತಾರೆ. ಕೇಳೋರಿಲ್ಲದ ಕಾಗದ ಗೆದ್ದಲಿಗೆ."

ಆ ಮಾತು ನನ್ನ ಜೊತೆಗೇ ಬಂತು.

ಇನ್ನೊಂದು ಕಟ್ಟಡದಲ್ಲಿ ಇಂಥ ಹಾಳೆಗಳಿಗೆ ಮದ್ದು ಮಾಡುವ ಕೋಣೆಯಿದೆ. ಇಲ್ಲಿ ಸದ್ದು ಕಡಿಮೆ, ಕೆಲಸ ನಿಧಾನ. ಉದ್ದನೆಯ ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ದೀಪ, ಮೇಲೆ ಒದ್ದೆ ಕಾಗದ. ಒಬ್ಬ ಹೆಂಗಸು ಚಿಮುಟದಲ್ಲಿ ಹಳೆಯ ಸೆಲ್ಲೋಟೇಪನ್ನು ಎಳೆಯೆಳೆಯಾಗಿ ಬಿಡಿಸುತ್ತಿದ್ದಾರೆ. ಯಾವನೋ ಒಬ್ಬ ಗುಮಾಸ್ತ ಒಳ್ಳೆಯ ಮನಸ್ಸಿನಿಂದಲೇ ಅಂಟಿಸಿದ್ದು. ಟೇಪು ಒಣಗಿ ಉದುರಿದರೂ ಅದರ ಕಂದು ಕಲೆ ಕಾಗದದ ಒಳಕ್ಕಿಳಿದಿದೆ. ಕಲೆ ಪೂರ್ತಿ ಹೋಗುವುದಿಲ್ಲ ಎಂದು ಅವರಿಗೆ ಗೊತ್ತು. ಹರಿದ ಕಡೆ ತೆಳ್ಳನೆಯ ಜಪಾನಿ ಟಿಶ್ಯೂ ಇಟ್ಟು, ಗಂಜಿಯಂಥ ಅಂಟನ್ನು ಕುಂಚದಲ್ಲಿ ಸವರುತ್ತಾರೆ. ಹುಳಿಯಾಗಿ ಪುಡಿಯಾಗುವ ಕಾಗದಕ್ಕೆ ಸುಣ್ಣದ ತಿಳಿನೀರಿನ ಸ್ನಾನ.

ಎಲ್ಲ ಕಾಗದಕ್ಕೂ ಈ ಸ್ನಾನ ಆಗಿಬರುವುದಿಲ್ಲ. ಮೇಜಿನ ತುದಿಯಲ್ಲಿ ಸುರುಳಿ ಬಿಚ್ಚಿಟ್ಟ ನೀಲಿ ಹಾಳೆ ನೋಡಿ: ಹಳೆಯ ಬಡಾವಣೆಯೊಂದರ ಬ್ಲೂಪ್ರಿಂಟು. ಕಡುನೀಲಿಯ ಮೇಲೆ ಬಿಳಿ ಗೆರೆಯಲ್ಲಿ ನಿವೇಶನ, ರಸ್ತೆಯ ಅಗಲ, ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ. ಈ ನೀಲಿ ಕಬ್ಬಿಣದ ಉಪ್ಪಿನಿಂದ ಹುಟ್ಟಿದ್ದು. ಸುಣ್ಣದ ನೀರು ಸೋಕಿದರೆ ನೀಲಿಯೂ ಗೆರೆಯೂ ಒಟ್ಟಿಗೇ ಮಾಯ. ಬೆಳಕಿಗೆ ಬಹಳ ಹೊತ್ತು ಇಟ್ಟರೆ ಮಂಕಾಗುತ್ತದೆ, ಮತ್ತೆ ಕತ್ತಲಲ್ಲಿಟ್ಟರೆ ಒಂದಿಷ್ಟು ಬಣ್ಣ ತಾನಾಗಿ ಮರಳುತ್ತದೆ. ನೋಡಬಂದವರಿಗೆ ತೋರಿಸಿ ಬೇಗ ಬೇಗ ಸುತ್ತಿಡುವುದು ಅದಕ್ಕೇ. ಒಂದೊಂದು ಕಾಗದದ ಜಾತಕ ತಿಳಿಯದೆ ಕೈಹಾಕಿದರೆ ಕಾಪಾಡುವ ಕೈಯೇ ಕೊಲ್ಲುತ್ತದೆ.

ಆ ಹಿತ್ತಲ ಗಲ್ಲಿಗಳಿಗೂ ಒಂದು ಕಥೆಯಿದೆ. 1898ರಲ್ಲಿ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಜನ ಸತ್ತರು, ಉಳಿದವರು ಊರ ಹೊರಗೆ ಗುಡಿಸಲು ಹಾಕಿದರು. ಬಸವನಗುಡಿ, ಮಲ್ಲೇಶ್ವರಗಳ ಅಗಲ ರಸ್ತೆ, ಗಾಳಿ ಬೆಳಕು, ಮನೆಯ ಹಿಂದೆ ಹೊಲಸು ಹೊರುವವರು ಓಡಾಡುವ ಗಲ್ಲಿ, ಎಲ್ಲಕ್ಕೂ ಒತ್ತು ಕೊಟ್ಟದ್ದು ಆ ಭಯ. ಹೊಲಸು ಹೊರಿಸಿದ ವ್ಯವಸ್ಥೆಯ ಗುರುತೂ ಆ ಗೆರೆಗಳಲ್ಲೇ ಇದೆ. ಬಡಾವಣೆಯ ಅಂದ ಹೊಗಳುವವರು ಅದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಇನ್ನು ಈ ಊರಿನ ಕಾಗದ ಒಂದೇ ಕಡೆ ಸಿಗುವುದೆಂದುಕೊಂಡರೆ ಅದು ಆಸೆ. ಪೇಟೆ ಮಹಾರಾಜರದು, ದಂಡು ಬ್ರಿಟಿಷರದು. ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ, ಬೇರೆ ಬೇರೆ ಕಡತ. 1949ರಲ್ಲಿ ಎರಡೂ ಸೇರಿ ಕಾರ್ಪೊರೇಷನ್ ಆಯಿತು. ಬಡಾವಣೆ ಕಟ್ಟಲು 1945ರಲ್ಲಿ ಬಂದ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು 1976ರಲ್ಲಿ ಬಿಡಿಎ ಆಯಿತು. 2007ರಲ್ಲಿ ಸುತ್ತಲ ನಗರಸಭೆಗಳನ್ನು ನುಂಗಿ ಬೃಹತ್ ಆದ ಪಾಲಿಕೆ 2025ರಲ್ಲಿ ಐದು ಹೋಳಾಯಿತು. ಬೋರ್ಡು ಬದಲಾದಾಗಲೆಲ್ಲ ಗಂಟುಗಳು ಲಾರಿ ಹತ್ತುತ್ತವೆ. ಹತ್ತಿದಷ್ಟೂ ಇಳಿದಾವೆಂದು ಖಾತ್ರಿಯಿಲ್ಲ. ಹೊಸ ಕಟ್ಟಡದಲ್ಲಿ ಜಾಗ ಸಾಲದೆ ಮೆಟ್ಟಿಲ ಕೆಳಗೆ, ಜನರೇಟರ್ ಕೋಣೆಯಲ್ಲಿ ಕೂರುತ್ತವೆ. ರಾಜ್ಯ ಪತ್ರಾಗಾರಕ್ಕೆ ತಲುಪಿದವು ಪುಣ್ಯ ಮಾಡಿದವು.

ಇಷ್ಟಾದರೂ ನೆಲದ ಕಾಗದಕ್ಕೆ ಕೇಳುವವರಿದ್ದಾರೆ. ಈಚೆಗೆ ತಾಲ್ಲೂಕು ಕಚೇರಿಗಳಲ್ಲಿ ಭೂ ಸುರಕ್ಷಾ ಹೆಸರಿನಲ್ಲಿ ಹಳೆಯ ದಾಖಲೆಗಳ ಸ್ಕ್ಯಾನಿಂಗು ನಡೆದಿದೆ. ಹುಡುಗ ಹುಡುಗಿಯರು ಸಾಲಾಗಿ ಕೂತು, ಹಾಳೆ ಮಗುಚಿ, ಗುಂಡಿ ಒತ್ತಿ, ಹಾಳೆ ಮಗುಚಿ, ಗುಂಡಿ ಒತ್ತಿ ಸಂಜೆ ಮಾಡುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಸರ್ವೆ ನಂಬರು 48ರ ಹಾಳೆಗೆ 84 ಎಂದು ಹೆಸರು ಬಿದ್ದರೆ ಅದು ಕಂಪ್ಯೂಟರಿನೊಳಗೇ ಕಳೆದುಹೋಯಿತೆಂದೇ ಲೆಕ್ಕ. ಆಗ ಮೂರನೇ ರ‍್ಯಾಕು, ಗೋಡೆ ಕಡೆ ಎಂದು ಹೇಳುವವರೂ ಇರುವುದಿಲ್ಲ.

ಬಸ್ಸಿನ ಕಾಗದದ ಪಾಡು ಬೇರೆ.

ಈ ಊರಿನಲ್ಲಿ ಸಿಟಿ ಬಸ್ಸಿನ ಕಂಪನಿ ಶುರುವಾದದ್ದು 1940ರಲ್ಲಿ. 1956ರಲ್ಲಿ ಸರ್ಕಾರ ಅದನ್ನು ತೆಗೆದುಕೊಂಡಿತು, ಅದು ಬಿಟಿಎಸ್ ಆಯಿತು. ಜನ ಆ ಮೂರಕ್ಷರಕ್ಕೆ "ಬಿಟ್ರೆ ತಿರುಗಿ ಸಿಗಲ್ಲ" ಎಂದು ಅರ್ಥ ಕಟ್ಟಿದರು. 1997ರಲ್ಲಿ ಬಿಎಂಟಿಸಿ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎದ್ದ ಮೆಜೆಸ್ಟಿಕ್ ನಿಲ್ದಾಣಕ್ಕೆ ಈ ದಶಕಗಳಲ್ಲಿ ಎಷ್ಟು ಬಸ್ಸು ಬಂದು ಹೋಗಿರಬೇಕು, ಎಷ್ಟು ಕಾಗದ ಹುಟ್ಟಿರಬೇಕು! ಕಂಡಕ್ಟರ ಕೈಯ ವೇಬಿಲ್ಲನ್ನೇ ತೆಗೆದುಕೊಳ್ಳಿ. ಪ್ರತಿ ಸ್ಟೇಜಿಗೂ ಅವನು ಒಂದೊಂದು ದರದ ಟಿಕೆಟಿನ ನಂಬರು ಎಲ್ಲಿಗೆ ಬಂತೆಂದು ಬರೆಯಬೇಕು. ಒಂದು ಕೈ ಕಂಬಿಗೆ ಆತು, ರಟ್ಟನ್ನು ತೊಡೆಗೊತ್ತಿ, ಕಿವಿಯ ಮೇಲಿನ ಪೆನ್ನು ತೆಗೆದು, ಬ್ರೇಕು ಹೊಡೆದರೆ ಅಂಕಿ ಹಾರಿ ಪಕ್ಕದ ಮನೆಗೆ ಬೀಳುವಂತೆ ಬರೆಯುವ ಲೆಕ್ಕ. ತನಿಖಾಧಿಕಾರಿ ಹತ್ತಿದರೆ ಮಾನ ಉಳಿಸುವುದು ಅದೇ. ಆದರೆ ಸುಮ್ಮನೆ ಒಂದು ಕ್ಷಣ ಯೋಚಿಸಿ: ಮುಂದಿನ ಸ್ಟೇಜಿನ ನಂಬರಿನಿಂದ ಹಿಂದಿನದರ ನಂಬರು ಕಳೆದರೆ, ಬೆಳಿಗ್ಗೆ ಎಂಟೂವರೆಗೆ ಮಿನರ್ವ ಸರ್ಕಲ್ಲಿನಲ್ಲಿ ಎಷ್ಟು ಜನ ಟಿಕೆಟು ಕೊಂಡರು, ಎಷ್ಟು ದೂರದ ಟಿಕೆಟು ಕೊಂಡರು ಎಂದು ಗೊತ್ತಾಗುತ್ತದೆ. ಲಕ್ಷಗಟ್ಟಲೆ ಸುರಿದು ಮಾಡಿಸುವ ಸಂಚಾರ ಸಮೀಕ್ಷೆಯ ವಿವರ ಪ್ರತಿ ಬಸ್ಸಿನಲ್ಲಿ, ಪ್ರತಿ ದಿನ, ಪುಕ್ಕಟೆಯಾಗಿ ತಯಾರಾಗುತ್ತಿತ್ತು. ಲೆಕ್ಕ ತಪಾಸಣೆ ಮುಗಿದ ಮೇಲೆ ರದ್ದಿ. ವೇಳೆಯ ಪಟ್ಟಿ, ಸ್ಟೇಜು ಪಟ್ಟಿ, ಬಸ್ಸಿನ ಹಣೆಗೆ ಸಿಕ್ಕಿಸುತ್ತಿದ್ದ ತಗಡಿನ ಬೋರ್ಡು, ಎಲ್ಲದಕ್ಕೂ ಅದೇ ಗತಿ. ಸರ್ಕಾರಿ ಕಡತಗಳಲ್ಲಿ ಎ ದರ್ಜೆಯದಕ್ಕೆ ಸಾವಿಲ್ಲ, ಮುಂದಿನ ಅಕ್ಷರಗಳಿಗೆ ಆಯುಷ್ಯ ಕಡಿಮೆಯಾಗುತ್ತ ಹೋಗುತ್ತದೆ. ನಿನ್ನೆಯ ಬಸ್ಸು ಎಷ್ಟು ಹೊತ್ತಿಗೆ ಬಂತೆಂದು ಯಾರು ತಾನೇ ಕೋರ್ಟಿಗೆ ಹೋಗುತ್ತಾರೆ? ನೆಲಕ್ಕಿರುವ ವ್ಯಾಜ್ಯ ಬಸ್ಸಿಗಿಲ್ಲ. ಈಗ ಟಿಕೆಟು ಕೊಡುವುದು ಕೈಯಂತ್ರ, ಲೆಕ್ಕವೆಲ್ಲ ಸರ್ವರಿಗೆ. ಅದಕ್ಕಾದರೂ ಎ ಅಕ್ಷರ ಸಿಗಲಿ ಎಂದು ನನ್ನ ಹಟ.

ಆಗದೇ ಹೋದ ಯೋಜನೆಗಳ ಕಾಗದವೂ ನನಗೆ ಅಷ್ಟೇ ಮುಖ್ಯ. ಬೆಂಗಳೂರಿಗೆ ಮೆಟ್ರೋ ಬೇಕು, ಇರುವ ಹಳಿಗಳ ಮೇಲೆ ಉಪನಗರ ರೈಲು ಬೇಕು ಎಂದು ರೈಲ್ವೆಯವರ ಅಧ್ಯಯನ 1980ರ ದಶಕದಲ್ಲೇ ಹೇಳಿತ್ತು. ಮೆಟ್ರೋ ಓಡಿದ್ದು 2011ರಲ್ಲಿ, ಉಪನಗರ ರೈಲಿಗೆ ಅಡಿಗಲ್ಲು ಬಿದ್ದದ್ದು 2022ರಲ್ಲಿ. ನಡುವಿನ ವರ್ಷಗಳಲ್ಲಿ ಯಾರು ಏನು ಟಿಪ್ಪಣಿ ಬರೆದು ಫೈಲು ಕೆಳಗಿಟ್ಟರು ಎಂಬುದು ಕಟ್ಟಿದ ಸೇತುವೆಗಿಂತ ಹೆಚ್ಚು ಪಾಠ ಕಲಿಸೀತು.

ಬಸ್ಸಿನ ಕಾಗದ ಉಳಿದಿದ್ದರೆ ಅದು ಮನೆಗಳಲ್ಲಿ. ಶ್ರೀನಗರದ ಕಡೆಯ ಒಂದು ವಠಾರದ ಮನೆ; ನಿವೃತ್ತ ಕಂಡಕ್ಟರೊಬ್ಬರು ಮಂಚದ ಕೆಳಗಿನಿಂದ ತಗಡಿನ ಟ್ರಂಕು ಎಳೆದಿದ್ದಾರೆ. ಬಸ್ಸಿನ ಹುಚ್ಚಿನ ಹುಡುಗನೊಬ್ಬ ಚಾಪೆಯ ಮೇಲೆ ಕೂತು ಒಂದೊಂದನ್ನೇ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದಾನೆ. ರಬ್ಬರ್ ಬ್ಯಾಂಡು ಕರಗಿ ಅಂಟಿದ ಟಿಕೆಟಿನ ಕಟ್ಟು, ಹಸಿರು, ಗುಲಾಬಿ, ಹಳದಿ. ಬೆನ್ನಿಗೆ ಚಿಲ್ಲರೆ ಬಾಕಿ ಬರೆದುಕೊಟ್ಟು ಯಾರೋ ಕೇಳದೇ ಇಳಿದುಹೋದ ಒಂದು ಟಿಕೆಟು. ಅಂಚು ಮುಕ್ಕಾದ ಸ್ಟೇಜು ಪಟ್ಟಿ. ಪಟ್ಟಿಯ ನಡುವಿನ ಎರಡು ಸಾಲು ಗೆದ್ದಲು ತಿಂದಿದೆ. ಅಲ್ಲಿ ಏನಿತ್ತೆಂದು ಕಂಡಕ್ಟರಿಗೂ ಎದುರು ಮನೆಯಿಂದ ಬಂದ ಹಳೇ ಡ್ರೈವರಿಗೂ ಜಟಾಪಟಿ.

"ಟೌನ್‌ಹಾಲ್‌ನಲ್ಲಿ ಸ್ಟೇಜು ಮುಗೀತಿತ್ತು ಕಣಯ್ಯ."

"ನೀನು ಚಿಲ್ಲರೆ ಎಣಿಸ್ತಾ ಇದ್ದೆ, ರೋಡು ನೋಡ್ತಿದ್ದೋನು ನಾನು. ಮಿನರ್ವ!"

ಅಡುಗೆಮನೆಯಿಂದ ಕಾಫಿ ಲೋಟ ಹಿಡಿದು ಬಂದ ಆ ಮನೆಯ ಅಜ್ಜಿ ಇಬ್ಬರನ್ನೂ ಒಮ್ಮೆ ನೋಡಿದರು. "ಮಿನರ್ವವೇ. ಅಲ್ಲಿಂದಾಚೆ ಐದು ಪೈಸೆ ಜಾಸ್ತಿ ಅಂತ ಅಲ್ಲೇ ಇಳಿದು ಮನೇವರೆಗೂ ನಡೀತಿದ್ದೆ ನಾನು. ನನಗೆ ಗೊತ್ತಿಲ್ವಾ?"

"ಯಾವ ವರ್ಷ ಅಜ್ಜಿ?" ಎಂದ ಹುಡುಗ.

"ವರ್ಷ ಯಾರಿಗಪ್ಪಾ ಗೊತ್ತು? ದೊಡ್ಡವನು ಹೊಟ್ಟೇಲಿದ್ದ. ಆ ಬಿಸಿಲಲ್ಲಿ ನಡೆದದ್ದು ಮರೀತೀನಾ?"

ಹುಡುಗ ದೊಡ್ಡ ಮಗ ಹುಟ್ಟಿದ ತಾರೀಖು ಕೇಳಿ ತಿಳಿದುಕೊಂಡು, ಪುಸ್ತಕದಲ್ಲಿ ಮಿನರ್ವ ಎಂದು ಬರೆದು, ಪಕ್ಕದಲ್ಲಿ 1971 ಎಂದು ಹಾಕಿ, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನೂ ಸೇರಿಸಿದ. ಡ್ರೈವರು ಅದನ್ನು ಓದಿಸಿ ಕೇಳಿದ ಮೇಲೆಯೇ ಕಾಫಿ ಮುಟ್ಟಿದರು.